ರೊಟ್ಟಿಗಿಂತ ಹಳೆಯ ನಂಟು

ಕೇಳುಗರಿಗೆಲ್ಲ ನಮಸ್ಕಾರ.

ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನಲ್ಲಿ ಕುರುಬರು ಹಿಂಡು ತರುಬಿ ಬೀಡುಬಿಟ್ಟಾಗ ರಾತ್ರಿಯಿಡೀ ಎಚ್ಚರವಿರುವುದು ನಾಯಿ. ತೋಳ ಬಂದೀತೆಂಬ ಭಯ ಅಲ್ಲಿ ಇನ್ನೂ ಇದೆ. ವಿಚಿತ್ರವೆಂದರೆ, ಕುರಿ ಕಾಯುವುದೂ ಕುರಿ ಒಯ್ಯಲು ಬರುವುದೂ ಒಂದೇ ವಂಶದ ಪ್ರಾಣಿಗಳು. ಹಾಗೆಂದು ನಮ್ಮ ಗುಡ್ಡದ ತೋಳವೇ ನಾಯಿಯ ಮೂಲಪುರುಷನಲ್ಲ. ಭಾರತದ ತೋಳ ಬಹಳ ಹಿಂದೆಯೇ ಬೇರೆಯಾದ ಕವಲು. ನಾಯಿ ಹುಟ್ಟಿದ್ದು ಯುರೇಷ್ಯಾದ ಬೂದುತೋಳಗಳಿಂದ. ಆ ಹಳೆಯ ತೋಳಗಳ ನೇರ ಸಂತತಿ ಇಂದು ಕಾಡಿನಲ್ಲಿ ಉಳಿದಿಲ್ಲವೆಂದೇ ವಿಜ್ಞಾನಿಗಳು ಭಾವಿಸುತ್ತಾರೆ.

ತುಂಡು ರೊಟ್ಟಿಯ ಆಸೆಗೆ ನಾಯಿ ಮನುಷ್ಯನ ಬೆನ್ನು ಹತ್ತಿತು ಎಂಬ ಮಾತು ನಮ್ಮಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಮನುಷ್ಯ ಬಿತ್ತಿ ಬೆಳೆಯಲು ಕಲಿಯುವ ಮೊದಲೇ ನಾಯಿ ಅವನ ಜೊತೆಗಿತ್ತು. ದನ, ಕುರಿ, ಮೇಕೆ ಎಲ್ಲವೂ ಆಮೇಲೆ ಬಂದವು.

ಜರ್ಮನಿಯ ಬಾನ್ ನಗರದ ಬಳಿ, ಒಬರ್‌ಕಾಸೆಲ್ ಎಂಬಲ್ಲಿ, 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಸಮಾಧಿ ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ನಾಯಿಮರಿ. ಸುಮಾರು 14,000 ವರ್ಷಗಳ ಹಿಂದಿನದು. ಸತ್ತಾಗ ಮರಿಗೆ ಏಳು ತಿಂಗಳೂ ತುಂಬಿರಲಿಲ್ಲ. ಅದರ ಹಲ್ಲುಗಳ ಮೇಲಿನ ಗುರುತುಗಳನ್ನು ಪರೀಕ್ಷಿಸಿದ ತಜ್ಞರು ಅದಕ್ಕೆ ಡಿಸ್ಟೆಂಪರ್ ಎಂಬ ಮಾರಕ ವೈರಸ್ ಕಾಯಿಲೆ ತಗಲಿತ್ತೆಂದು ನಿರ್ಣಯಿಸಿದರು. ಈ ಕಾಯಿಲೆ ಬಿದ್ದ ಮರಿ ತಾನಾಗಿ ವಾರಗಟ್ಟಲೆ ಬದುಕುವುದಿಲ್ಲ; ಇದು ಬದುಕಿತ್ತು. ಯಾರೋ ಬೆಚ್ಚಗಿಟ್ಟು, ನೀರುಣಿಸಿ, ಹೊಲಸು ತೊಳೆದಿರಬೇಕು. ಬೇಟೆಗೂ ಕಾವಲಿಗೂ ಒದಗದ ರೋಗಿಷ್ಟ ಮರಿ ಅದು. ಹಿಮಯುಗ ಮುಗಿಯುತ್ತಿದ್ದ ಆ ಕಠಿಣ ದಿನಗಳಲ್ಲಿ ಅದರ ಆರೈಕೆಗೆ ಕುಳಿತವರಿದ್ದರು. ಲಾಭದ ಲೆಕ್ಕದಲ್ಲಿ ಇದನ್ನು ವಿವರಿಸಲು ನನಗೆ ಸಾಧ್ಯವಾಗಿಲ್ಲ.

ಮೊದಲ ಹೆಜ್ಜೆ ಇಟ್ಟವರು ಯಾರು? ಬೀಡಾರದ ಸುತ್ತ ಸುಳಿದ ಧೈರ್ಯದ ತೋಳಗಳೋ, ಮರಿ ತಂದು ಸಾಕಿದ ಮನುಷ್ಯರೋ? ಚರ್ಚೆ ಮುಗಿದಿಲ್ಲ.

ರೊಟ್ಟಿ ಬಂದದ್ದು ನಂತರ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಕಾಳುಕಡಿಯಲ್ಲಿರುವ ಪಿಷ್ಟವನ್ನು ಜೀರ್ಣಿಸಲು ನೆರವಾಗುವ ಒಂದು ಜೀನ್‌ನ ಪ್ರತಿಗಳನ್ನು ಎಣಿಸಿ ನೋಡಿದರು. ತೋಳದಲ್ಲಿ ಅದರ ಎರಡೇ ಪ್ರತಿಗಳಿದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು. ಬೇಸಾಯದವರ ಒಡನಾಟದಲ್ಲಿ ಬೆಳೆದ ಗುಣವಿದು. ಬೇಸಾಯವಿಲ್ಲದ ನೆಲಕ್ಕೆ ಹೋಗಿ ಕಾಡು ಸೇರಿದ ಆಸ್ಟ್ರೇಲಿಯದ ಡಿಂಗೋ ನಾಯಿಗಳಲ್ಲಿ ಇಂದಿಗೂ ಎರಡೇ ಪ್ರತಿಗಳಿವೆ. ಹುಬ್ಬಳ್ಳಿಯ ಓಣಿಯ ನಾಯಿ ಜೋಳದ ರೊಟ್ಟಿ ತಿಂದು ಅರಗಿಸಿಕೊಳ್ಳುವುದರ ಹಿಂದೆ ಇಷ್ಟು ಉದ್ದದ ಚರಿತ್ರೆಯಿದೆ. ಅದನ್ನು ಕುಲಗೆಟ್ಟ ನಾಯಿ ಎಂದು ಬೈಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದುಬಾರಿ ಬೆಲೆಯ ವಿದೇಶಿ ತಳಿಗಳಲ್ಲಿ ಬಹುಪಾಲು ಈಗಿನ ರೂಪ ಪಡೆದದ್ದು ಕಳೆದ 200 ವರ್ಷಗಳಲ್ಲಿ.

ಒಬರ್‌ಕಾಸೆಲ್‌ನ ಆ ಮರಿಯನ್ನು ಕಾಡಿದ ಡಿಸ್ಟೆಂಪರ್ ಇಂದಿಗೂ ನಮ್ಮ ಬೀದಿಗಳಲ್ಲಿ ಮರಿಗಳನ್ನು ಕೊಲ್ಲುತ್ತಿದೆ. ಈಗ ಅದಕ್ಕೆ ಲಸಿಕೆ ಇದೆ. ನಿಮ್ಮ ಓಣಿಯಲ್ಲಿ ನಾಯಿ ಮರಿ ಹಾಕಿದ್ದರೆ, ಆರೆಂಟು ವಾರ ತುಂಬುತ್ತಲೇ ಪಶುವೈದ್ಯರನ್ನು ಕಂಡು ಲಸಿಕೆ ಹಾಕಿಸಿ. ಮೂರು ತಿಂಗಳಾದಾಗ ರೇಬೀಸ್ ಲಸಿಕೆಯನ್ನೂ ಮರೆಯದೆ ಹಾಕಿಸಿ.