ಅತಿಥಿಗಳನ್ನ ಮಾತಿಗೆ ಕೂರಿಸೋದು: ಹಾಸನದಿಂದ ಒಂದು ಪಾಡ್‌ಕಾಸ್ಟ್ ವ್ಲಾಗ್

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಅತ್ತಿಗೆ ಸೇರಿ ಹಾಸನದಲ್ಲಿ ಒಂದು ಪಾಡ್‌ಕಾಸ್ಟ್ ನಡೆಸ್ತೀವಿ ಅನ್ನೋದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಮ್ಮ ಸುತ್ತಮುತ್ತ ಕೆಲಸ ಮಾಡಿರೋರನ್ನ, ಮಾಡ್ತಿರೋರನ್ನ ಕೂರಿಸಿಕೊಂಡು ಅವರ ಕೆಲಸದ ಬಗ್ಗೆ ಮಾತಾಡ್ತೀವಿ. ಇಂಥ ಮಾತು ಅವರ ಬಾಯಿಂದ ಹೇಗೆ ಬರುತ್ತೆ, ಏನು ಕೇಳ್ತೀರಿ ಅಂತ ತುಂಬ ಜನ ಕೇಳಿದ್ರಿ. ಇವತ್ತಿನ ವ್ಲಾಗ್ ಅದರ ಬಗ್ಗೆ.

ಈಗ ಕಾಣ್ತಿರೋದು ಸಕಲೇಶಪುರದ ಕಡೆ ನಮ್ಮ ಸ್ನೇಹಿತರೊಬ್ಬರ ತೋಟದ ಗೋಡೌನ್. ಸುತ್ತ ಪೇರಿಸಿರೋದು ಕಾಫಿ ಮೂಟೆಗಳು. ಇದೇ ನಮ್ಮ ಸ್ಟುಡಿಯೋ. ಗೋಣಿಚೀಲದೊಳಗೆ ತುಂಬಿರೋ ಕಾಫಿ ದನಿಯನ್ನ ನುಂಗುತ್ತೆ. ಎಲ್ಲೂ ಪ್ರತಿಧ್ವನಿ ಇಲ್ಲ, ಮಾತು ಕಿವಿಯ ಪಕ್ಕದಲ್ಲೇ ಆಡಿದ ಹಾಗೆ ರೆಕಾರ್ಡ್ ಆಗುತ್ತೆ. ಆದ್ರೆ ಇದು ವರ್ಷಪೂರ್ತಿ ಸಿಗಲ್ಲ. ಮೂಟೆಗಳು ಕಾಫಿಯ ಸಿಪ್ಪೆ ಬಿಡಿಸಿ ಹದ ಮಾಡೋ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೇಲೆ ಇದು ಬರೀ ಖಾಲಿ ಕೊಠಡಿ, ಮಳೆ ಹಿಡಿದ್ರೆ ತಗಡಿನ ಸದ್ದಿನಲ್ಲಿ ಪಕ್ಕದಲ್ಲಿ ಕೂತೋರ ಮಾತೂ ಕೇಳಿಸಲ್ಲ. ಹಾಗಾಗಿ ಕೊಯ್ಲು ಮುಗಿಯೋ ಹೊತ್ತಿಂದ ಬೇಸಿಗೆವರೆಗೂ ನಮಗೆ ಸುಗ್ಗಿ.

ಮನೆಯಲ್ಲಿ, ಗೋಡೌನಲ್ಲಿ ರೆಕಾರ್ಡ್ ಮಾಡೋದು ಈ ಕಾಲದ ಹೊಸ ಶೋಕಿ ಅಂತ ಯಾರಾದ್ರೂ ಅಂದ್ರೆ ನನಗೆ ಎಂ. ವಿ. ಗೋಪಾಲಸ್ವಾಮಿ ನೆನಪಾಗ್ತಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು, 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದೋರು. ಕನ್ನಡ ನಾಡಿನ ರೇಡಿಯೋ ಮನೆಯೊಳಗೇ ಹುಟ್ಟಿದ್ದು. ನಮ್ಮಂಥವರಿಗೆ ಅದು ದೊಡ್ಡ ಧೈರ್ಯ.

ಅತಿಥಿಗಳ ವಿಷಯಕ್ಕೆ ಬರ್ತೀನಿ. ಮೈಕ್ ಅಂದ್ರೆ ನಮ್ಮ ಕಡೆ ಹಿರಿಯರಿಗೆ ವೇದಿಕೆ. ಇಸ್ತ್ರಿ ಮಾಡಿದ ಬಿಳಿ ಷರ್ಟ್ ಹಾಕ್ಕೊಂಡು, ಜೇಬಲ್ಲಿ ಬರೆದ ಚೀಟಿ ಇಟ್ಕೊಂಡು ಬರ್ತಾರೆ. "ನಿಮ್ಮ ಬದುಕಿನ ಬಗ್ಗೆ ಹೇಳಿ ಸಾರ್" ಅಂದ್ರೆ ಕಷ್ಟದ ಬಾಲ್ಯ, ಗುರುಗಳ ಆಶೀರ್ವಾದ, ಮನೆಯವರ ಸಹಕಾರ, ದೇವರ ದಯೆ. ಯಾವುದೂ ಸುಳ್ಳಲ್ಲ. ಆದ್ರೆ ಅದೆಲ್ಲ ಸನ್ಮಾನದ ದಿನ ಆಡಿ ಆಡಿ ನಯವಾಗಿರೋ ಮಾತು, ಆ ಮನುಷ್ಯ ಅದರೊಳಗೆ ಕಾಣಿಸಲ್ಲ. ನಮ್ಮ ಅತ್ತಿಗೆ ಹೈಸ್ಕೂಲಲ್ಲಿ ಪಾಠ ಮಾಡಿದೋರು, ಮಕ್ಕಳ ಬಾಯಿ ಬಿಡಿಸಿ ಅಭ್ಯಾಸ ಇರೋರು. ಅವರು ಚೀಟಿ ಪಕ್ಕಕ್ಕಿಡಿಸಿ ಕೇಳೋದು ಒಂದೇ: "ಸಾರ್, ಬೆಳಗ್ಗೆ ಕೆಲಸಕ್ಕೆ ಹೋದ ತಕ್ಷಣ ಮೊದಲು ಏನು ಮಾಡ್ತಿದ್ರಿ?" ಇಷ್ಟು ಕೇಳಿದ್ರೆ ಸಾಕು, ಕೂತಿರೋರ ಬೆನ್ನು ಸಡಿಲಾಗುತ್ತೆ, ಕೈ ಆಡೋಕೆ ಶುರುವಾಗುತ್ತೆ. ಆ ಕೈ ನೋಡ್ತಿದ್ದ ಹಾಗೇ ನನಗೆ ಗೊತ್ತಾಗುತ್ತೆ, ಇವತ್ತಿನ ಕಂತು ಚೆನ್ನಾಗಾಗುತ್ತೆ ಅಂತ.

ಈಗ ನೋಡ್ತಿರೋದು ನಮ್ಮ ಸಾಲಗಾಮೆ ರಸ್ತೆ. ಇಲ್ಲಿರೋ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಹಾಸನದೋರ ಬಾಯಲ್ಲಿ ಎಂಸಿಎಫ್. 1982ರಿಂದ ನಮ್ಮ ದೇಶದ ಸಂಪರ್ಕ ಉಪಗ್ರಹಗಳನ್ನ ಇಲ್ಲಿಂದ ನೋಡ್ಕೊಳ್ತಾರೆ. ಆ ದೊಡ್ಡ ಆಂಟೆನಾಗಳನ್ನ ದೂರದಿಂದ ನೋಡ್ಕೊಂಡೇ ನಾವು ಬೆಳೆದಿದ್ದು, ಒಳಗೆ ಏನು ಮಾಡ್ತಾರೆ ಅಂತ ಯಾರೂ ಕೇಳ್ತಿರಲಿಲ್ಲ. ಅಲ್ಲಿಂದ ನಿವೃತ್ತರಾದ ಒಬ್ಬರು ನಮ್ಮ ಜೊತೆ ಕೂತಿದ್ರು. ಕಚೇರಿಯ ಒಳಗಿನ ವಿಷಯ ಬೇಡಮ್ಮ, ಎಲ್ಲರಿಗೂ ತಿಳಿಯಬಹುದಾದ್ದನ್ನ ಕೇಳಿ ಅಂತ ಮೊದಲೇ ಹೇಳಿದ್ರು. ಅತ್ತಿಗೆ ತಮ್ಮ ಪ್ರಶ್ನೆ ಕೇಳಿದ್ರು. ಉತ್ತರ: "ಹಿಂದಿನ ಶಿಫ್ಟಿನೋರು ಬರೆದಿಟ್ಟಿದ್ದನ್ನ ಓದ್ತಿದ್ದೆ. ಓದಿ ಮುಗಿಯೋವರೆಗೂ ಕುರ್ಚಿ ಮೇಲೆ ಕೂರ್ತಿರಲಿಲ್ಲ."

ಅಲ್ಲಿಂದ ಶುರುವಾದ ಮಾತು ಎಲ್ಲೆಲ್ಲಿಗೆ ಹೋಯ್ತು ನೋಡಿ. ಈ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರ್ತಾವೆ. ಭೂಮಿ ತಿರುಗೋ ವೇಗಕ್ಕೆ ಸರಿಯಾಗಿ ಸುತ್ತೋದ್ರಿಂದ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತ ಹಾಗೆ. ಆದ್ರೆ ನಿಜವಾಗಿ ನಿಲ್ಲಲ್ಲ. ಸೂರ್ಯ ಎಳೀತಾನೆ, ಚಂದ್ರ ಎಳೀತಾನೆ, ಭೂಮಿಯೂ ಪೂರಾ ಗುಂಡಗಿಲ್ಲ. ದಿನ ಕಳೆದ ಹಾಗೆ ಅದು ತನ್ನ ಜಾಗದಿಂದ ಸರೀತಾ ಹೋಗುತ್ತೆ. ಆಗಾಗ ಅದರ ಮೈಮೇಲಿರೋ ಪುಟ್ಟ ಎಂಜಿನ್‌ಗಳನ್ನ ಉರಿಸಿ ಮತ್ತೆ ಜಾಗಕ್ಕೆ ತರಬೇಕು. ಪ್ರತಿಸಲ ಒಂದಿಷ್ಟು ಇಂಧನ ಖರ್ಚು, ಮೇಲೆ ಹೋಗಿ ತುಂಬಿಸೋ ಹಾಗಿಲ್ಲ. "ಇಂಧನ ಉಳಿಸಿದಷ್ಟೂ ಅದರ ಆಯಸ್ಸು ಉಳಿಸಿದ ಹಾಗಮ್ಮ" ಅಂದ್ರು. ಆ ಮಾತು ಹೇಳುವಾಗ ಅವರ ದನಿಯಲ್ಲಿದ್ದ ಜೋಪಾನವನ್ನ ನಾನು ಯಾವ ಭಾಷಣದಲ್ಲೂ ಕೇಳಿಲ್ಲ.

ಆಮೇಲೆ ಗ್ರಹಣದ ವಿಷಯ ಬಂತು. ನನಗೆ ಅದು ಗೊತ್ತೇ ಇರಲಿಲ್ಲ. ಹಗಲು ರಾತ್ರಿ ಸಮ ಆಗೋ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ, ಒಂದೊಂದು ಸಲ ಸುಮಾರು ಒಂದೂವರೆ ತಿಂಗಳು, ಈ ಉಪಗ್ರಹಗಳು ದಿನಾ ನಡುರಾತ್ರಿ ಹೊತ್ತಿಗೆ ಭೂಮಿಯ ನೆರಳೊಳಗೆ ಹೋಗ್ತಾವೆ. ಜಾಸ್ತಿ ಅಂದ್ರೆ 72 ನಿಮಿಷ. ಅಷ್ಟೂ ಹೊತ್ತು ಸೌರಫಲಕಕ್ಕೆ ಬಿಸಿಲಿಲ್ಲ, ಎಲ್ಲವೂ ಬ್ಯಾಟರಿ ಮೇಲೆ. ಅಂದ್ರೆ ಯುಗಾದಿ ಮುಂಚಿನ ರಾತ್ರಿ ಮನೆಯಲ್ಲಿ ಹೋಳಿಗೆಗೆ ಬೇಳೆ ಬೇಯ್ತಾ ಇದ್ರೆ ಇವರು ಸಾಲಗಾಮೆ ರಸ್ತೆಯಲ್ಲಿ ಬ್ಯಾಟರಿಯ ಅಂಕಿ ನೋಡ್ತಾ ಕೂತಿರೋರು. ಹಬ್ಬದ ದಿನ ಬೆಳಗ್ಗೆ ಮನೆಗೆ ಬಂದು ಎಣ್ಣೆ ಸ್ನಾನ. ಅವರ ಮನೆಯವರು ಪಕ್ಕದಲ್ಲೇ ಇದ್ರು. "ನಮ್ಮ ಮನೆಗೆ ವರ್ಷಕ್ಕೆ ಎರಡು ಗ್ರಹಣಗಾಲ ಕಣಮ್ಮ, ಪಂಚಾಂಗದಲ್ಲಿ ಇಲ್ಲದ್ದು" ಅಂದ್ರು. ಆ ಮಾತು ಹಾಗೇ ಇಟ್ಟಿದ್ದೀನಿ, ಕಂತಿನಲ್ಲಿ ಕೇಳಿ.

ಇನ್‌ಸ್ಯಾಟ್-1ಎ ಉಪಗ್ರಹದ ಕತೆಯನ್ನೂ ಆ ನಿವೃತ್ತರೇ ಹೇಳಿದ್ದು. ತಾವು ಕೆಲಸಕ್ಕೆ ಸೇರೋ ಮುಂಚಿನದು, ಹಿರಿಯರ ಬಾಯಲ್ಲಿ ಕೇಳಿದ್ದು ಅಂತ ಹೇಳೇ ಶುರು ಮಾಡಿದ್ರು. 1982ರ ಏಪ್ರಿಲಲ್ಲಿ ಮೇಲೆ ಹೋಯ್ತು, ಇಂಧನ ಮುಗಿದು ಅದೇ ಸೆಪ್ಟೆಂಬರಲ್ಲಿ ಕೈತಪ್ಪಿ ಹೋಯ್ತು. ಮರುವರ್ಷ ಆಗಸ್ಟಿನಲ್ಲಿ ಇನ್‌ಸ್ಯಾಟ್-1ಬಿ, ಅಮೆರಿಕದ ಚಾಲೆಂಜರ್ ನೌಕೆಯ ಹೊಟ್ಟೆಯಲ್ಲಿ ಕೂತು ಹೋಯ್ತು. ಅದರ ಸೌರಫಲಕವೂ ಮೊದಲು ಬಿಚ್ಚಿಕೊಳ್ಳಲಿಲ್ಲ, ಸೆಪ್ಟೆಂಬರ್ ನಡುವಿನವರೆಗೂ ಒದ್ದಾಡಿ ಬಿಡಿಸಿದ್ರು. ನಮ್ಮ ಅಪ್ಪ ಅಮ್ಮ ಊರಿನ ಒಂದೇ ಟಿವಿ ಮುಂದೆ ಕೂತು ದೂರದರ್ಶನ ನೋಡಿದ ಕಾಲಕ್ಕೆ ಈ ಉಪಗ್ರಹ ಹೆಗಲು ಕೊಟ್ಟಿತ್ತು. ಸ್ವಾರಸ್ಯದ ಘಟನೆ ಒಂದು ಹೇಳಿ ಅಂತ ನಾವು ಕೇಳಿದ್ರೆ ಇದು ಬರ್ತಿರಲಿಲ್ಲ. ಇಂಧನದ ಲೆಕ್ಕ ಹೇಳ್ತಾ ಹೇಳ್ತಾ ತಾನಾಗೇ ಬಂತು.

ಚಿಕ್ಕಮಗಳೂರಿನ ಕಾಫಿ ರುಚಿ ನೋಡೋ ಅಕ್ಕನ ಕಂತು ಇನ್ನೊಂದು ಥರ. ಕುರ್ಚಿಯಲ್ಲಿ ಕೂರಿಸಿದ್ರೆ "ಹೌದು", "ಇಲ್ಲ" ಬಿಟ್ಟು ಮಾತಿಲ್ಲ. ಅವರ ಮೇಜಿನ ಹತ್ತಿರಕ್ಕೇ ಮೈಕ್ ತಗೊಂಡು ಹೋದ್ವಿ. ಸಾಲಾಗಿ ಬಟ್ಟಲು, ಒಂದೊಂದಕ್ಕೂ ಎಂಟು ಗ್ರಾಂ ಚಿಲ್ಲರೆ ಪುಡಿ, 150 ಮಿಲಿಲೀಟರ್ ನೀರು. ನೀರು ಕುದೀತಾ ಇರಬಾರದು, 93 ಡಿಗ್ರಿ ಹತ್ತಿರ ಇರಬೇಕು. ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಪದರವನ್ನ ಚಮಚದಲ್ಲಿ ಒಡೆದು ಮೂಗು ಹತ್ತಿರ ತರ್ತಾರೆ. ಆಮೇಲೆ ಚಮಚ ಬಾಯಿಗಿಟ್ಟು ಜೋರಾಗಿ ಸೊರ್ ಅಂತ ಎಳೀತಾರೆ, ಗಾಳಿ ಜೊತೆ ಸೇರಿ ಕಾಫಿ ನಾಲಿಗೆ ಪೂರ್ತಿ ಹರಡಬೇಕಲ್ಲ. ನಮ್ಮ ಮನೆಗಳಲ್ಲಿ ಹಾಗೆ ಸೊರ್ ಅಂದ್ರೆ ಬೈಗುಳ, ಅಲ್ಲಿ ಅದೇ ಕೆಲಸ. ಬಟ್ಟಲು ಎದುರಿಗೆ ಬಂದಿದ್ದೇ ತಡ, ಅಕ್ಕನ ಮಾತಿಗೆ ತಡೆಯೇ ಇಲ್ಲ. ಕಣದಲ್ಲಿ ಟಾರ್ಪಾಲು ಹಾಸದೆ ಬರೀ ನೆಲದ ಮೇಲೆ ಒಣಗಿಸಿದ ಕಾಫಿಗೆ ಮಣ್ಣಿನ ವಾಸನೆ ಹೇಗೆ ಹತ್ತುತ್ತೆ, ಹಣ್ಣು ಕೊಯ್ದು ರಾಶಿ ಹಾಕಿ ಬಿಟ್ರೆ ಹುಳಿ ಹೇಗೆ ಏರುತ್ತೆ, ಎಲ್ಲ ಹೇಳಿದ್ರು. ಮದುವೆ ಮನೆಗಳಲ್ಲಿ ನೆಂಟರು ಕಾಫಿ ಲೋಟ ಕೈಗೆ ಕೊಟ್ಟು ಎದುರಿಗೇ ನಿಂತ್ಕೊಳ್ತಾರಂತೆ, ಏನಂತಾರೋ ಅಂತ. "ಕೊಟ್ಟೋರ ಮುಖ ನೋಡಿ ಕುಡೀತೀನಪ್ಪ, ಚೆನ್ನಾಗಿದೆ ಅಂತೀನಿ. ಅಲ್ಲಿ ನಾನು ನೆಂಟಳು" ಅಂದ್ರು.

ಬೇಲೂರಿಗೆ ಬರೋಣ. ನನಗೆ ಎಲ್ಲಕ್ಕಿಂತ ಹತ್ತಿರವಾದ ಕಂತು ಇದು. ಚೆನ್ನಕೇಶವ ದೇವಸ್ಥಾನದಲ್ಲಿ ಗೈಡ್ ಆಗಿರೋ ಒಬ್ಬ ಅಣ್ಣ. ಬೆಳಗ್ಗೆ ಮೊದಲು ಏನು ಮಾಡ್ತೀರಿ ಅಂದಿದ್ದಕ್ಕೆ, ಪ್ರವಾಸಿಗರು ಬರೋ ಮುಂಚೆ ಒಬ್ಬನೇ ಒಂದು ಸುತ್ತು ಹಾಕ್ತೀನಿ, ಯಾವ ಮದನಿಕೆ (ಶಿಲಾಬಾಲಿಕೆ) ಮೇಲೆ ಬೆಳಕು ಎಲ್ಲಿವರೆಗೆ ಬಂದಿದೆ ನೋಡ್ಕೊಳ್ತೀನಿ ಅಂದ್ರು. ಅದರ ಮೇಲೆ ಅವತ್ತಿನ ದಾರಿ ಗೊತ್ತು ಮಾಡ್ಕೊಳ್ತಾರೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ, ಒಳಗೂ ಹೊರಗೂ ಸೇರಿ 42 ಮದನಿಕೆಯರು. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿತು.

ಬಂದೋರೆಲ್ಲ ಜನರ ಕತೆಗಳಲ್ಲಿ ಬರೋ ಶಿಲ್ಪಿ ಜಕಣಾಚಾರಿ ಎಲ್ಲಿ ಅಂತ ಕೇಳ್ತಾರಂತೆ. ಮಗ ಅಪ್ಪನ ಶಿಲ್ಪದಲ್ಲಿ ದೋಷ ತೋರಿಸಿದ್ದು, ಕಲ್ಲೊಳಗಿನ ಕಪ್ಪೆ, ಕಪ್ಪೆ ಚೆನ್ನಿಗರಾಯ, ಎಲ್ಲ ಕತೆ ಈ ಅಣ್ಣ ಪ್ರೀತಿಯಿಂದ ಹೇಳ್ತಾರೆ. ಹೇಳಿ ಮುಗಿಸಿ, ಟಾರ್ಚ್ ಹಿಡಿದು ವಿಗ್ರಹದ ಪೀಠ ತೋರಿಸ್ತಾರೆ. ಅಲ್ಲಿ ಹಳಗನ್ನಡ ಅಕ್ಷರ. ಬಳ್ಳಿಗಾವೆಯ ದಾಸೋಜ. ಇನ್ನೊಂದು ಕಡೆ ಅವನ ಮಗ ಚಾವಣ. ತಾವು ಮಾಡಿದ ಕೆಲಸದ ಕೆಳಗೆ ತಾವೇ ಕೆತ್ತಿದ ಹೆಸರು. ನಾನು ಅಲ್ಲಿ ನಿಂತು ಓದಿದಾಗ ಮೈ ಜುಂ ಅಂತು. ಬರೀ ದೊರೆಗಳ ಹೆಸರಷ್ಟೇ ಉಳಿಯೋ ಕಾಲದಲ್ಲಿ ಒಬ್ಬ ಅಪ್ಪ, ಒಬ್ಬ ಮಗ, ಉಳಿ ಹಿಡಿದೋರು, ಊರಿನ ಹೆಸರು ಸಮೇತ ಉಳಿದಿದ್ದಾರೆ.

ಅದೇ ಅಣ್ಣನೇ ನಮಗೆ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮನ ಹುಚ್ಚು ಹಿಡಿಸಿದ್ದು. ತರೀಕೆರೆ ತಾಲ್ಲೂಕಿನ ಅಮೃತಾಪುರ, 1196ರ ಅಮೃತೇಶ್ವರ ದೇವಸ್ಥಾನ. ಈ ರೂವಾರಿಯ ಕೆಲಸ ಶುರುವಾಗೋದು ಅಲ್ಲಿ, ಚಾವಣಿಯ ಕೆತ್ತನೆಯಲ್ಲಿ. 1246ಕ್ಕೆ ಚನ್ನರಾಯಪಟ್ಟಣದ ಹತ್ತಿರ ನುಗ್ಗೇಹಳ್ಳಿಯಲ್ಲಿ ಮತ್ತೆ ಅದೇ ಹೆಸರು. ಆಮೇಲೆ ಸೋಮನಾಥಪುರದಲ್ಲಿ ಅಲ್ಲಿಯ ಶಿಲ್ಪಿಗಳ ಪೈಕಿ ಎಲ್ಲರಿಗಿಂತ ಹೆಚ್ಚು ಕಾಣೋ ಹೆಸರೇ ಅವನದು. ಅರವತ್ತು ವರ್ಷದಷ್ಟು ಉದ್ದದ ಕೆಲಸ ಅಂತಾರೆ ಬಲ್ಲವರು. ನುಗ್ಗೇಹಳ್ಳಿಗೆ ನಾವು ಹೋಗಿದ್ವಿ, ಈಗ ಕಾಣ್ತಿರೋ ಗೋಡೆ ಅಲ್ಲಿಯದು. ಗುಡಿಯ ಒಂದು ಬದಿ ಮಲ್ಲಿತಮ್ಮನ ಕೆಲಸ, ಇನ್ನೊಂದು ಬದಿ ಬೈಚೋಜನ ಕೆಲಸ. ಒಂದೇ ಗುಡಿ, ಇಬ್ಬರು ಕಲಾವಿದರು.

ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸೋ ಹಾಗಿದ್ರೆ ಅಂತ ನಾನೂ ಅತ್ತಿಗೆಯೂ ವಾಪಸ್ ಬರೋ ದಾರಿ ಪೂರ್ತಿ ಪ್ರಶ್ನೆ ಜೋಡಿಸಿದ್ವಿ. ಈ ಗುಡಿಗಳ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಹಾಗೆ ಗಟ್ಟಿಯಾಗುತ್ತಲ್ಲ, ಸೂಕ್ಷ್ಮದ ಕುಸುರಿಗೆ ಎಷ್ಟು ದಿನ ಸಿಗ್ತಿತ್ತು? ಉಳಿ ಮಸೀತಿದ್ದೋರು ಯಾರು? ಈ ಬದಿ ನಿನಗೆ, ಆ ಬದಿ ಅವನಿಗೆ ಅಂತ ಹಂಚಿದ್ದು ಯಾರು? ಸಂಜೆ ಕೆಲಸ ಬಿಟ್ಟ ಮೇಲೆ ಇನ್ನೊಬ್ಬನ ಬದಿಗೆ ಹೋಗಿ ನೋಡ್ತಿದ್ರಾ? ನೋಡಿ ಏನಂತಿದ್ರಿ? ಇದಕ್ಕೆಲ್ಲ ಉತ್ತರ ಕಲ್ಲಿನಲ್ಲಿಲ್ಲ. ಹಾಗಾಗಿ ಈಗ ಇರೋರನ್ನ, ಈಗಲೇ ಕೇಳಿ ಇಟ್ಕೋಬೇಕು ಅನ್ನೋ ಆತುರ ನನಗೆ ಅವತ್ತಿಂದ ಜಾಸ್ತಿಯಾಗಿದೆ.

ಎಡಿಟಿಂಗ್ ಬಗ್ಗೆ ಒಂದು ಮಾತು. "ಅದೇನಪ್ಪ ಅಂದ್ರೆ", "ಹ್ಞಾಂ, ತಡೀರಿ", ಹೆಸರು ನೆನಪಾಗದೆ ಹುಡುಕೋದು, ಇವನ್ನ ನಾನು ಕತ್ತರಿಸಲ್ಲ. ಅರ್ಧ ನಿಮಿಷದ ತುಣುಕು ಮಾಡಿ ಹಿಂದೆ ಸಂಗೀತ ಹಾಕಿ ಸ್ಫೂರ್ತಿಯ ಮಾತು ಅಂತ ಬಿಡೋದೂ ನನಗೆ ಇಷ್ಟ ಇಲ್ಲ. ಇಂಧನದ ಲೆಕ್ಕ ಪೂರ್ತಿ ಕೇಳಿದೋರಿಗೆ ಮಾತ್ರ ಆ ಆಯಸ್ಸಿನ ಮಾತು ತಾಗುತ್ತೆ, ಅದೊಂದನ್ನೇ ಕಿತ್ತು ತೋರಿಸಿದ್ರೆ ಬರೀ ಗೋಡೆಬರಹ.

ಮುಂದಿನ ಕಂತು ಮರಗಸಿ ಮಾಡೋರದ್ದು. ಕಾಫಿಗೆ ಬಿಸಿಲು ಬೇಕಷ್ಟೇ ಬೀಳೋ ಹಾಗೆ ಎತ್ತರದ ಮರ ಹತ್ತಿ ಕೊಂಬೆ ಸವರೋ ಕೆಲಸ. ತೋಟದಲ್ಲಿ ಇದನ್ನ ಮಾಡೋರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದ್ದಾರೆ. ನಾವು ಮಾತಾಡಿಸೋ ಅಣ್ಣ ಮಳೆ ಹಿಡಿಯೋ ಮುಂಚೆ ಮುಗಿಸಬೇಕು ಅನ್ನೋ ಅವಸರದಲ್ಲಿದ್ದಾರೆ, ಗೋಡೌನ್‌ಗೆ ಬರೋಕೆ ಪುರುಸೊತ್ತಿಲ್ಲ. ಹಾಗಾಗಿ ನಾವೇ ಮರದ ಬುಡಕ್ಕೆ ಹೋಗ್ತೀವಿ. ಕಾಲರ್ ಮೈಕ್ ಹಾಕ್ಕೊಳ್ಳೋಕೆ ಒಪ್ಪಿದ್ದಾರೆ, ಆದ್ರೆ ಮೇಲಿರೋವಾಗ ಒಂದೂ ಪ್ರಶ್ನೆ ಕೇಳಬಾರದು ಅಂತ ಮೊದಲೇ ಮಾತು ತಗೊಂಡಿದ್ದಾರೆ. ಇಳಿದು ಬಂದ ಮೇಲೆ ಎಷ್ಟು ಹೊತ್ತಾದ್ರೂ ಕೂರ್ತೀನಿ ಅಂದಿದ್ದಾರೆ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡ್ತೀವಿ.