ಪಿಗ್ಮಿ ಹುಟ್ಟಿದ ಊರಲ್ಲಿ ಸಾಲದ ಕಂತು

ಕೇಳುಗರಿಗೆ ನಮಸ್ಕಾರ.

ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಎಂಬ ಉಳಿತಾಯ ಯೋಜನೆ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದರು. ದುಡಿಮೆ ದಿನದ್ದು, ಉಳಿತಾಯವೂ ದಿನದ್ದು. ಉಳಿತಾಯಕ್ಕೆ ಸಿಕ್ಕ ಈ ಹೊಂದಿಕೆ ಸಾಲಕ್ಕೆ ಇನ್ನೂ ಸರಿಯಾಗಿ ಸಿಕ್ಕಿಲ್ಲ.

ಬಡವರ ಹಣಕಾಸಿನ ಅಧ್ಯಯನವೆಂದರೆ ಹಿಂದೆ ಖಾತೆ ಎಣಿಸುವ ಕೆಲಸವೇ ಹೆಚ್ಚು. 2014ರ ಜನಧನ್ ಯೋಜನೆಯಲ್ಲಿ ಕೋಟಿಗಟ್ಟಲೆ ಖಾತೆ ತೆರೆದಮೇಲೆ ಬರೀ ಎಣಿಕೆಗೆ ಬೆಲೆ ಕಡಿಮೆಯಾಯಿತು. ರಿಸರ್ವ್ ಬ್ಯಾಂಕು 2021ರಲ್ಲಿ ತಂದ, ಬ್ಯಾಂಕಿನಂಥ ಸೇವೆ ಜನರಿಗೆ ಎಷ್ಟು ತಲುಪಿದೆಯೆಂದು ಅಳೆಯುವ ಸೂಚ್ಯಂಕದಲ್ಲಿ, ನೂರರಲ್ಲಿ ಸೇವೆ ಕೈಗೆಟಕುವುದಕ್ಕೆ 35 ಪಾಲಾದರೆ, ಅದರ ಬಳಕೆಗೆ 45, ಗುಣಮಟ್ಟಕ್ಕೆ 20.

ಈಗಿನ ಕುತೂಹಲದ ಪ್ರಶ್ನೆ ಕಂತಿನದು. ಉಡುಪಿಯ ಮಲ್ಪೆ ಬಂದರಿನಲ್ಲಿ ಮೀನು ಮಾರುವ ಹೆಂಗಸರನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಬುಟ್ಟಿ ಖಾಲಿ, ಕಂತು ಮಾತ್ರ ಬಿಡುವುದಿಲ್ಲ. ಅದನ್ನು ಕಟ್ಟಲು ಇನ್ನೊಂದು ಕಡೆ ಸಾಲ; ಕೆಡುವುದು ಅಲ್ಲಿಂದಲೇ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಮೈಕ್ರೋಫೈನಾನ್ಸ್ ಸಾಲದಲ್ಲಿ, ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದೆಂಬ ನಿಯಮವೇನೋ ಇದೆ. ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿದರೆ 25,000, ಅದರ ಅರ್ಧ 12,500. ಆ ಸರಾಸರಿಗೆ ತುಳುನಾಡಿನ ಆಟಿ ತಿಂಗಳ ಮಳೆ ಗೊತ್ತಿಲ್ಲ!

ಕೋಲ್ಕತ್ತದಲ್ಲಿ ನಡೆದ ಪ್ರಯೋಗವೊಂದರಲ್ಲಿ ಮೊದಲ ಕಂತಿಗೆ ಎರಡು ತಿಂಗಳು ಬಿಡುವು ಪಡೆದವರು ವ್ಯಾಪಾರಕ್ಕೆ ಹೆಚ್ಚು ಹಣ ಹಾಕಿದರು, ಲಾಭವನ್ನೂ ಹೆಚ್ಚು ಕಂಡರು. ಆದರೆ ಅವರಲ್ಲಿ ಸಾಲ ಕಟ್ಟದೆ ಉಳಿದವರೂ ಹೆಚ್ಚಾದರು. ಹಾಗಾಗಿ ಸಾಲ ಕೊಡುವವರ ಅಂಜಿಕೆ ಪೂರ್ತಿ ಸುಳ್ಳಲ್ಲ.

ಬಿಡುವಿಗಿಂತ ಸುಲಭದ ದಾರಿ, ಸಾಲ ಎತ್ತುವ ತಿಂಗಳನ್ನೇ ನೋಡಿಕೊಳ್ಳುವುದು. 30,000 ರೂಪಾಯಿ, ಉಳಿದ ಅಸಲಿನ ಮೇಲೆ ವರ್ಷಕ್ಕೆ ಶೇಕಡಾ 24 ಬಡ್ಡಿ ಎಂದಿಟ್ಟುಕೊಳ್ಳಿ. ಹನ್ನೆರಡು ಕಂತಾದರೆ ತಿಂಗಳಿಗೆ ಸುಮಾರು 2,837. ಹತ್ತಾದರೆ 3,340. ತಿಂಗಳಿಗೆ 500 ಹೆಚ್ಚು ಕಟ್ಟಬೇಕು, ನಿಜ. ಒಟ್ಟು ಬಡ್ಡಿಯಲ್ಲಿ ಸುಮಾರು 640 ಉಳಿಯುತ್ತದೆ. ಜುಲೈ ಕೊನೆಗೆ ಹಣ ಪಡೆದು ಆಗಸ್ಟ್ ಕೊನೆಯಿಂದ ಕಟ್ಟಿದರೆ ಮೇ ಕೊನೆಗೆ ಚುಕ್ತಾ.

ಎರಡು ವರ್ಷದ ಸಾಲಕ್ಕೆ ಈ ಉಪಾಯ ನಡೆಯದು. ಅಲ್ಲಿ ಮಳೆಗಾಲದ ಬಿಡುವನ್ನು ಸಹಿಗೆ ಮೊದಲೇ ಕೇಳಬೇಕು. ಕಂತು ತಪ್ಪಿದಮೇಲೆ ಕೇಳಿದರೆ ಅಷ್ಟರಲ್ಲಿ ಅದು ನಿಮ್ಮ ಸಾಲದ ಚರಿತ್ರೆ ಹೇಳುವ ಕ್ರೆಡಿಟ್ ವರದಿ ಸೇರಿರುತ್ತದೆ. ಸಾಲದ ಮುಖ್ಯ ವಿವರಗಳಿರುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಕಂತಿನ ಪಟ್ಟಿಯೂ ಅದರಲ್ಲೇ ಇರುತ್ತದೆ. ಜೂನ್, ಜುಲೈ ಸಾಲಿನೆದುರು ಏನು ಬರೆದಿದೆ, ಮೊದಲು ಅದನ್ನು ಓದಿಸಿಕೊಳ್ಳಿ. ಬಿಡುವಿನ ತಿಂಗಳಲ್ಲೂ ಬಡ್ಡಿ ಓಡುತ್ತಿರುತ್ತದೆ, ಅದೆಷ್ಟೆಂದೂ ಕೇಳಿ.

ನಮಸ್ಕಾರ.