ಅಡ್ಡ ಬಿರುಕು ಇರಬಾರದು: ಜೇಡ್ ಬಳೆ ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ.

ಮಣ್ಣಿನ ಮಡಕೆ ಕೊಳ್ಳುವಾಗ ನಮ್ಮಲ್ಲಿ ಹಿರಿಯರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಠಣ್ ಎಂದರೆ ಗಟ್ಟಿ. ದನಿ ಬೊದ್ದೆಂದರೆ ಎಲ್ಲೋ ಸೀಳಿದೆ ಎಂದು ಪಕ್ಕಕ್ಕಿಟ್ಟು ಬೇರೆಯದನ್ನು ಎತ್ತಿಕೊಳ್ಳುತ್ತಾರೆ. ಮಡಕೆಗೆ ಇಷ್ಟು ಪರೀಕ್ಷೆ ಮಾಡುವ ನಾವು ಕಮರ್ಷಿಯಲ್ ಸ್ಟ್ರೀಟಿನಲ್ಲೋ ಜಯನಗರದಲ್ಲೋ ಸಾವಿರಾರು ರೂಪಾಯಿ ಕೊಟ್ಟು ಜೇಡ್ ಬಳೆ ಕೊಳ್ಳುವಾಗ ಮಾತ್ರ ಬಣ್ಣ ನೋಡುತ್ತೇವೆ, ಕೈಗೆ ಏರಿತೇ ಎಂದು ನೋಡುತ್ತೇವೆ, ಅಷ್ಟೆ. ಬಣ್ಣ ಕೊನೆಗೆ ನೋಡಬೇಕಾದದ್ದು. ಕಲ್ಲಿನಲ್ಲಿ ಕಲೆ ಇದ್ದರೆ ಇರಲಿ, ಮಬ್ಬು ಇದ್ದರೂ ಇರಲಿ. ಬಳೆಯನ್ನು ಅಡ್ಡಕ್ಕೆ ಸೀಳುವ ಬಿರುಕು ಮಾತ್ರ ಇರಬಾರದು. ಇವತ್ತಿನ ಮಾತು ಮುಖ್ಯವಾಗಿ ಅದರ ಬಗ್ಗೆಯೇ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಜೇಡ್ ಅಂದರೆ ಪಚ್ಚೆ ಅಲ್ಲ. ಜೇಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಖನಿಜಗಳಿವೆ: ಜೇಡೈಟ್ ಮತ್ತು ನೆಫ್ರೈಟ್. ಇವೆರಡೂ ಬೇರೆ ಎಂದು 1863ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಖನಿಜಶಾಸ್ತ್ರಜ್ಞ ಅಲೆಕ್ಸಿಸ್ ದಮೂರ್. ಒಳ್ಳೆಯ ಜೇಡೈಟ್ ಹೆಚ್ಚಾಗಿ ಬರುವುದು ಮ್ಯಾನ್ಮಾರಿನ ಕಚಿನ್ ರಾಜ್ಯದ ಫಾಕಾಂತ್ ಗಣಿಗಳಿಂದ. ನೆಫ್ರೈಟ್ ಚೀನಾದ ಖೋತಾನ್, ಕೆನಡಾ, ಸೈಬೀರಿಯಾ, ನ್ಯೂಜಿಲೆಂಡ್‌ಗಳಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ‘ಇಂಡಿಯನ್ ಜೇಡ್’ ಎಂದು ಕೊಡುವುದು ಅವೆಂಚುರಿನ್ ಎಂಬ ಹಸಿರು ಸ್ಫಟಿಕಶಿಲೆ. ‘ಮಲೇಷಿಯಾ ಜೇಡ್’ ಎಂದರೆ ಬಣ್ಣ ಹಾಕಿದ ಸ್ಫಟಿಕಶಿಲೆ. ‘ನ್ಯೂ ಜೇಡ್’ ಎಂದರೆ ಸರ್ಪೆಂಟೈನ್ ಎಂಬ ಮೆದು ಕಲ್ಲು. ಇವನ್ನು ಕೊಳ್ಳಬಾರದೆಂದಲ್ಲ, ಜೇಡಿನ ಬೆಲೆ ಕೊಡಬಾರದು.

ಗಟ್ಟಿತನ ಅನ್ನುವುದರಲ್ಲೂ ಎರಡು ಬಗೆ. ಗೀರು ಬೀಳದಿರುವುದು ಒಂದು, ಪೆಟ್ಟು ಬಿದ್ದರೆ ಒಡೆಯದಿರುವುದು ಇನ್ನೊಂದು. ಗೀರಿನ ಅಳತೆಯಲ್ಲಿ, ಅಂದರೆ ಮೋಸ್ ಮಾಪಕದಲ್ಲಿ, ಜೇಡೈಟ್ 6.5ರಿಂದ 7, ನೆಫ್ರೈಟ್ 6ರಿಂದ 6.5. ಜೇಡೈಟೇ ಮೇಲು. ಆದರೆ ಪೆಟ್ಟು ತಾಳುವುದರಲ್ಲಿ ನೆಫ್ರೈಟೇ ಮುಂದೆ. ಅದರ ಒಳಗೆ ಕೂದಲಿನಂಥ ಎಳೆಗಳು ತೆಂಗಿನ ನಾರಿನ ಹಾಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಬಿರುಕು ನೇರವಾಗಿ ಓಡಲು ದಾರಿಯೇ ಸಿಗುವುದಿಲ್ಲ. ದಿನವಿಡೀ ಕೆಲಸ ಮಾಡುವ ಕೈಗೆ ನೆಫ್ರೈಟ್ ಬಳೆಯೇ ಒಳ್ಳೆಯದು. ಅದರ ಹಸಿರು ಸ್ವಲ್ಪ ಮಂಕು, ಆದರೂ ನಿಶ್ಚಿಂತೆ.

ಜೇಡೈಟಿನಲ್ಲಿ ಹರಳುಗಳ ಗಾತ್ರ ನೋಡಬೇಕು. ಚಿರೋಟಿ ರವೆಯಂತೆ ಕಣ್ಣಿಗೆ ಕಾಣದಷ್ಟು ನುಣುಪಾಗಿದ್ದರೆ ಕಲ್ಲು ಬಿಗಿಯಾಗಿ ಬೆಸೆದುಕೊಂಡಿದೆ. ಬನ್ಸಿ ರವೆಯಂತೆ ಕಾಳುಕಾಳಾಗಿ ಕಂಡರೆ ಅದು ಪೆಟ್ಟಿಗೆ ಬೇಗ ಸೋಲುತ್ತದೆ.

ಈಗ ಬಿರುಕಿನ ಪರೀಕ್ಷೆ. ಅಂಗಡಿಯ ದೀಪದ ಕೆಳಗೆ, ಹಸಿರು ಮಖಮಲ್ಲಿನ ಮೇಲೆ ಬಳೆ ನೋಡಬೇಡಿ. ಬಾಗಿಲ ಬಳಿ, ಹಗಲಿನ ನೆರಳು ಬೆಳಕಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ನೋಡಿ. ಆಮೇಲೆ ಟಾರ್ಚ್. ಮೊಬೈಲಿನ ಟಾರ್ಚ್ ಬೆಳಕು ತುಂಬ ಹರಡಿಕೊಳ್ಳುತ್ತದೆ. ಕಪ್ಪು ಕಾಗದಕ್ಕೆ ಕಡಲೆಕಾಳಿನಷ್ಟು ತೂತು ಮಾಡಿ ಅದರ ಮೇಲೆ ಅಂಟಿಸಿಕೊಳ್ಳಿ, ಇಲ್ಲವೇ ಪೆನ್ ಟಾರ್ಚ್ ಒಯ್ಯಿರಿ. ಟಾರ್ಚನ್ನು ಬಳೆಯ ಒಳಮೈಗೆ ಒತ್ತಿ ಹಿಡಿದು ಹೊರಮೈಯನ್ನು ನೋಡಿ. ಗಡಿಯಾರದ 12 ಅಂಕಿಗಳಂತೆ 12 ಕಡೆ ನಿಲ್ಲಿಸಿ, ಸುತ್ತು ಪೂರ್ತಿ ಮಾಡಿ. ಅವಸರ ಬೇಡ, ಹತ್ತು ನಿಮಿಷ ಹಿಡಿಯಲಿ.

ಗೆರೆ ಕಂಡ ಕೂಡಲೇ ಹೆದರಬೇಕಾಗಿಲ್ಲ. ಭೂಮಿಯೊಳಗೆ ಎಂದೋ ಸೀಳಿ, ಮತ್ತೆ ಖನಿಜ ತುಂಬಿ ಕೂಡಿಕೊಂಡ ಗೆರೆಗಳು ಜೇಡಿನಲ್ಲಿ ಸಾಮಾನ್ಯ. ಅಂಥ ಗೆರೆಯ ಎರಡೂ ಪಕ್ಕ ಬೆಳಕು ಒಂದೇ ಸಮ ಹರಿಯುತ್ತದೆ, ಗೆರೆ ಬರೀ ನೂಲಿನ ಹಾಗೆ ಕಾಣುತ್ತದೆ. ನಿಜವಾದ ಬಿರುಕಿನಲ್ಲಿ ಬೆಳಕು ಅಲ್ಲಿಗೇ ನಿಂತುಬಿಡುತ್ತದೆ: ಟಾರ್ಚಿನ ಪಕ್ಕ ಬೆಳಗಿ, ಆಚೆ ಪಕ್ಕ ತಟ್ಟನೆ ಕತ್ತಲು. ಸಂಶಯ ಬಂದ ಜಾಗದಲ್ಲಿ ಹೆಬ್ಬೆರಳ ಉಗುರನ್ನು ಗೆರೆಗೆ ಅಡ್ಡವಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಬಿರುಕು ಮೇಲ್ಮೈಗೆ ಬಂದಿದೆ. ಬಳೆಗೆ ಕೊನೆಯಲ್ಲಿ ಮೇಣ ಉಜ್ಜುವ ರೂಢಿ ಇರುವುದರಿಂದ ಉಗುರು ಜಾರಿಹೋಗಲೂಬಹುದು. ಆಗ ಟ್ಯೂಬ್‌ಲೈಟಿನ ಪ್ರತಿಬಿಂಬ ಬಳೆಯ ಮೈಮೇಲೆ ಬೀಳುವಂತೆ ಹಿಡಿದು, 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಬೆಳಕಿನ ಪಟ್ಟಿ ಬಿರುಕಿನ ಮೇಲೆ ಮುರಿದಂತೆ ಕಾಣುತ್ತದೆ.

ಇನ್ನು ದಿಕ್ಕು. ಬಳೆಯ ಸುತ್ತಿನ ಉದ್ದಕ್ಕೂ ಓಡುವ ಗೆರೆ ಅಷ್ಟು ಅಪಾಯವಲ್ಲ. ಒಳಮೈಯಿಂದ ಹೊರಮೈಗೆ ಅಡ್ಡಲಾಗಿ ದಾಟುವ ಬಿರುಕು ಕಂಡರೆ ಬಳೆ ಕೆಳಗಿಡಿ, ಎಷ್ಟೇ ರಿಯಾಯಿತಿ ಕೊಟ್ಟರೂ. ಪೆಟ್ಟು ಬಿದ್ದಾಗ ಬಳೆ ಎರಡಾಗುವುದು ಅಲ್ಲಿಯೇ. ಗೆರೆಯೊಳಗೆ ಕಂದು ಬಣ್ಣ ಇಳಿದಿದ್ದರೆ ಇನ್ನಷ್ಟು ಎಚ್ಚರ ಬೇಕು. ಅದು ಕಬ್ಬಿಣದ ತುಕ್ಕಿನ ಬಣ್ಣ, ಒಂದು ಕಾಲಕ್ಕೆ ಅಲ್ಲಿ ನೀರು ಹೋಗಲು ದಾರಿ ಇತ್ತೆಂದು ಹೇಳುತ್ತದೆ. ಬಳೆಯಲ್ಲಿ ಒಂದೇ ಒಂದು ಕಡೆ ಹೂವೋ ಎಲೆಯೋ ಕೆತ್ತಿದ್ದರೆ, ಅಲ್ಲೇ ಏಕೆ ಕೆತ್ತಿದ್ದಾರೆ ಎಂದು ಕೇಳಿ. ಬಿರುಕು ತೆಗೆಯಲು ಕೆತ್ತುವುದುಂಟು. ಚಿನ್ನದ ಕಟ್ಟು ಹಾಕಿದ್ದರೆ ಅದರಡಿ ಏನಿದೆ ಎಂದು ಕೇಳಲೇಬೇಕು. ಕಟ್ಟಿನ ಮೇಲಿನ ಹಾಲ್‌ಮಾರ್ಕ್ ಚಿನ್ನಕ್ಕಷ್ಟೇ, ಕಲ್ಲಿಗಲ್ಲ.

ಹತ್ತಿಯಂಥ ಬಿಳಿ ಮೋಡ, ಕಪ್ಪು ಚುಕ್ಕೆ ಇವೆಲ್ಲ ಹುಟ್ಟು ಗುಣ. ಬೆಲೆ ಇಳಿಸುತ್ತವೆ, ಬಾಳಿಕೆಗೆ ಸಾಮಾನ್ಯವಾಗಿ ಧಕ್ಕೆ ತರುವುದಿಲ್ಲ. ಬಜೆಟ್ ಕಡಿಮೆ ಇದ್ದವರು ಬಿರುಕಿಲ್ಲದ, ಮೋಡವಿರುವ ಬಳೆ ಕೊಂಡರೆ ಜಾಣತನ.

ಬಿರುಕಿಲ್ಲದಿದ್ದರೂ ಬಾಳದ ಬಳೆಗಳಿವೆ. ವ್ಯಾಪಾರದಲ್ಲಿ ‘ಎ’ ಎಂದರೆ ಮೇಣ ಬಿಟ್ಟರೆ ಬೇರೇನೂ ಸೇರಿಸದ ಕಲ್ಲು. ‘ಬಿ’ ಎಂದರೆ ಆಸಿಡ್ಡಿನಲ್ಲಿ ನೆನೆಸಿ ಕಂದು ಕಲೆ ತೆಗೆದು, ಆಸಿಡ್ ಕೊರೆದ ಸಂದುಗಳಿಗೆ ಪ್ಲಾಸ್ಟಿಕ್ ಅಂಟು ತುಂಬಿದ್ದು. ‘ಸಿ’ ಎಂದರೆ ಬಣ್ಣ ಹಾಕಿದ್ದು. ‘ಬಿ’ ಬಳೆ ಹೊಸದರಲ್ಲಿ ಕನ್ನಡಿಯಂತೆ ಹೊಳೆಯುತ್ತದೆ. ಹರಳುಗಳ ನಡುವಿನ ಬೆಸುಗೆಯನ್ನೇ ಆಸಿಡ್ ತಿಂದಿರುವುದರಿಂದ ಒಳಗಿನ ಬಲ ಹೋಗಿರುತ್ತದೆ, ವರ್ಷ ಕಳೆದಂತೆ ಅಂಟು ಹಳದಿಯಾಗಿ ಪೆಡಸಾಗುತ್ತದೆ. ಭೂತಗನ್ನಡಿಯಲ್ಲಿ ಮೇಲ್ಮೈ ಮೇಲೆ ಜೇಡರ ಬಲೆಯಂಥ ಸಣ್ಣ ಸೀಳುಗಳು ಕಂಡರೆ ಸಂಶಯಪಡಿ. ಅಂಗಡಿಯ ಗಲ್ಲಾದಲ್ಲಿ ಖೋಟಾ ನೋಟು ಪತ್ತೆಗೆ ಇಟ್ಟ ನೇರಳಾತೀತ ದೀಪವಿದ್ದರೆ ಅದರಡಿ ಹಿಡಿಯಿರಿ. ಮೈಯೆಲ್ಲ ನೀಲಿ ಬಿಳುಪಾಗಿ ಬೆಳಗಿದರೆ ಅಂಟು ತುಂಬಿರುವ ಸಂಭವ ಹೆಚ್ಚು. ಬೆಳಗಲಿಲ್ಲ ಎಂದ ಮಾತ್ರಕ್ಕೆ ಶುದ್ಧ ಎಂದಲ್ಲ. ಹಸಿರು ಬಣ್ಣ ಸಂದುಗಳಲ್ಲಿ ಮಾತ್ರ ಬೇರಿನ ಹಾಗೆ ಹರಡಿದ್ದರೆ ಅದು ಹಾಕಿದ ಬಣ್ಣ.

ಕಲ್ಲು ಯಾವುದು ಎಂದು ತಿಳಿಯಲು ತೂಕದ ಪರೀಕ್ಷೆ ಚೆನ್ನ. ಎರಡು ದಶಾಂಶ ತೋರಿಸುವ ತಕ್ಕಡಿ ಆಭರಣದ ಅಂಗಡಿಯಲ್ಲಿ ಇರುತ್ತದೆ. ಬಳೆ ತೂಗಿ: 56.10 ಗ್ರಾಂ ಎಂದಿಟ್ಟುಕೊಳ್ಳಿ. ಲೋಟದಲ್ಲಿ ಬಳೆ ಹಿಡಿಸುವುದಿಲ್ಲ, ಅಗಲ ಬಾಯಿಯ ಹಗುರ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಬಳೆಯನ್ನು ತೆಳು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು, ಗುಳ್ಳೆ ಅಂಟಿರಬಾರದು. ತಕ್ಕಡಿ 16.80 ತೋರಿಸಿದರೆ, 56.10 ಅನ್ನು 16.80ರಿಂದ ಭಾಗಿಸಿ. 3.34 ಬರುತ್ತದೆ, ಅಂದರೆ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಅಷ್ಟು ಪಟ್ಟು ಭಾರ. ಅದು ಜೇಡೈಟಿಗೆ ಹೊಂದುವ ಸಂಖ್ಯೆ. ಅದೇ ತೂಕದ ನೆಫ್ರೈಟ್ ಆಗಿದ್ದರೆ ತಕ್ಕಡಿ ಸುಮಾರು 19 ತೋರಿಸುತ್ತಿತ್ತು, ಲೆಕ್ಕ 2.95 ಆಗುತ್ತಿತ್ತು. ಅವೆಂಚುರಿನ್ ಆದರೆ ಸುಮಾರು 21, ಲೆಕ್ಕ 2.65. ಚಿನ್ನದ ಕಟ್ಟಿರುವ ಬಳೆಗೆ ಈ ಲೆಕ್ಕ ಹೊಂದುವುದಿಲ್ಲ. ‘ಎ’ಯೋ ‘ಬಿ’ಯೋ ಎಂಬುದನ್ನೂ ಇದು ಹೇಳದು. ಅದಕ್ಕೆ ರತ್ನ ಪರೀಕ್ಷಾ ಪ್ರಯೋಗಾಲಯದ ಅವಗೆಂಪು, ಅಂದರೆ ಇನ್‌ಫ್ರಾರೆಡ್, ಪರೀಕ್ಷೆಯೇ ಬೇಕು. ದೊಡ್ಡ ಮೊತ್ತವಾದರೆ ವರದಿ ಕೇಳಿ. ವರದಿಯ ಫೋಟೊ, ತೂಕ, ಅಳತೆ ಕೈಯಲ್ಲಿರುವ ಬಳೆಯದ್ದೇ ಎಂದು ಅಲ್ಲೇ ತೂಗಿ ನೋಡಿ.

ತಲೆಗೂದಲು ಸುತ್ತಿ ಬೆಂಕಿ ಹಿಡಿಯುವುದು, ಗಾಜಿನ ಮೇಲೆ ಗೀರುವುದು ಇವನ್ನು ನಂಬಬೇಡಿ. ಯಾವ ಕಲ್ಲಿಗೆ ಬಿಗಿಯಾಗಿ ಸುತ್ತಿದರೂ ಕೂದಲು ತಟ್ಟನೆ ಸುಡದು. ಸ್ಫಟಿಕವೂ ಗಾಜನ್ನು ಗೀರುತ್ತದೆ. ದಾರದಲ್ಲಿ ತೂಗುಬಿಟ್ಟು ತಟ್ಟಿ ಕೇಳುವುದು ಪರವಾಗಿಲ್ಲ. ಉದ್ದನೆಯ ಇಂಪು ದನಿ ಬಂದರೆ ಒಳ್ಳೆಯ ಸೂಚನೆ. ಆದರೆ ಒರಟು ಹರಳಿನ ಸಾಚಾ ಕಲ್ಲೂ ಮಂದವಾಗಿ ನುಡಿಯಬಹುದು.

ಅಳತೆಗೂ ಬಾಳಿಕೆಗೂ ನಂಟಿದೆ. ನಮ್ಮ 2-4ರ ಬಳೆ ಎಂದರೆ ಒಳವ್ಯಾಸ ಸುಮಾರು 57 ಮಿಲಿಮೀಟರ್, 2-6 ಎಂದರೆ 60, 2-8 ಎಂದರೆ 63.5. ಜೇಡ್ ಬಳೆ ಗಾಜಿನ ಬಳೆಗಿಂತ ಅಗಲ, ಅಗಲ ಹೆಚ್ಚಿದಷ್ಟೂ ಗೆಣ್ಣು ದಾಟುವುದು ಕಷ್ಟ. ಹಾಗೆಂದು ತೀರಾ ದೊಡ್ಡದು ತಂದರೆ ಅದು ಅಂಗೈವರೆಗೆ ಜಾರಿ ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ದಿನವೂ ಬಡಿಯುತ್ತದೆ. ಗ್ರಾನೈಟಿನ ಸ್ಫಟಿಕ ಜೇಡನ್ನು ಗೀರಬಲ್ಲದು. ದಿನಬಳಕೆಗೆ 5 ಮಿಲಿಮೀಟರಿಗಿಂತ ತೆಳುವಾದದ್ದು ಬೇಡ. ತೊಡುವಾಗ ಹಾಸಿಗೆಯ ಮೇಲೆ ಕೂತು, ಕೈಗೆ ಸೋಪು ನೀರು ಹಚ್ಚಿ, ಹೆಬ್ಬೆರಳು ಒಳಕ್ಕೆ ಮಡಚಿ ನಿಧಾನವಾಗಿ ಏರಿಸಿ. ಗಾಜಿನ ಬಳೆಗಳ ಜೊತೆ ಒಂದೇ ಕೈಗೆ ಹಾಕಬೇಡಿ, ಗಾಜು ಸೋಲುತ್ತದೆ. ತೊಳೆಯಲು ಉಗುರು ಬೆಚ್ಚಗಿನ ನೀರು, ಮೆದು ಬ್ರಷ್ ಸಾಕು. ಶೌಚಾಲಯ ತೊಳೆಯುವ ಆಸಿಡ್, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ, ಎರಡರಿಂದಲೂ ದೂರವಿಡಿ. ಒಡೆದ ಬಳೆಗೆ ನಗರ್ತಪೇಟೆಯಲ್ಲಿ ಚಿನ್ನದ ಕಟ್ಟು ಹಾಕಿಸುವುದಾದರೆ, ಕಟ್ಟನ್ನು ಬೇರೆಯಾಗಿ ಬೆಸೆದು, ಆರಿದ ಮೇಲೆ ಕೂಡಿಸಲು ಹೇಳಿ. ಬೆಸುಗೆಯ ಉರಿ ಕಲ್ಲಿಗೆ ತಾಗಬಾರದು.

ಕೊಂಡ ದಿನವೇ ಬಿಲ್ಲಿನಲ್ಲಿ ‘ಜೇಡ್’ ಎಂದಷ್ಟೇ ಅಲ್ಲ, ‘ಸಹಜ ಜೇಡೈಟ್, ಎ ಬಗೆ’ ಅಥವಾ ‘ನೆಫ್ರೈಟ್’ ಎಂದು ಬರೆಸಿಕೊಳ್ಳಿ. ಮನೆಗೆ ಬಂದು ಟಾರ್ಚ್ ಹಚ್ಚಿ, ಆ 12 ಜಾಗಗಳ ಫೋಟೊ ತೆಗೆದಿಡಿ. ಮುಂದೆ ಎಂದಾದರೂ ಬಳೆಗೆ ಜೋರು ಪೆಟ್ಟು ಬಿದ್ದರೆ ಅದೇ ಜಾಗಗಳನ್ನು ಮತ್ತೆ ನೋಡಿ, ಫೋಟೊದಲ್ಲಿ ಇಲ್ಲದ ಗೆರೆ ಕಂಡರೆ ಅಂದೇ ಕೈಯಿಂದ ತೆಗೆದುಬಿಡಿ.

ನಮಸ್ಕಾರ.